ಹಳೆಯ ಯಂತ್ರದ ಹೊಸ ಅವತಾರವೂ ಅದು ಓದಲೊಲ್ಲದ ಪೆನ್‌ಡ್ರೈವೂ

1982ರ ಆಗಸ್ಟಿನಲ್ಲಿ 595 ಡಾಲರುಗಳ ಬೆಲೆಗೆ ಅಮೆರಿಕದ ಅಂಗಡಿಗಳಿಗೆ ಬಂದಿಳಿದು, ಮುಂದಿನ ಹತ್ತು ಹನ್ನೊಂದು ವರ್ಷಗಳ ಕಾಲ ಅಮೆರಿಕ ಯೂರೋಪುಗಳ ಅಸಂಖ್ಯ ಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಸ್ಥಾನ ಪಡೆದು, ಆಟದ ನೆಪದಲ್ಲಿ ಮಕ್ಕಳಿಗೆ ಗಣಕವಿದ್ಯೆಯ ಓನಾಮವನ್ನು ಕಲಿಸಿದ ಕಮೋಡೋರ್ 64 ಎಂಬ ಯಂತ್ರವು, ಅದನ್ನು ನಿರ್ಮಿಸಿದ ಸಂಸ್ಥೆಯು 1994ರ ಏಪ್ರಿಲಿನಲ್ಲಿ ದಿವಾಳಿಯೆದ್ದುದರೊಡನೆ ಚರಿತ್ರೆಗೆ ಸಂದುಹೋಯಿತೆಂದೇ ಬಹುಮಂದಿ ಭಾವಿಸಿದ್ದರು. ಆದರೆ 2018ರಲ್ಲಿ ರೆಟ್ರೋ ಗೇಮ್ಸ್ ಎಂಬ ಬ್ರಿಟಿಷ್ ಸಂಸ್ಥೆಯು ಅದರ ಪ್ರತಿರೂಪವೊಂದನ್ನು, ಮೂಲದ ಅರ್ಧದಷ್ಟು ಅಳತೆಯಲ್ಲಿ, ‘ದಿ ಸಿ64 ಮಿನಿ’ ಎಂಬ ಹೆಸರಿನಿಂದ ಹೊರತಂದಿತು. ಮರುವರ್ಷದ ಡಿಸೆಂಬರಿನಲ್ಲಿ ಪೂರ್ಣಗಾತ್ರದ ಪ್ರತಿರೂಪವೂ, 2022ರಲ್ಲಿ ಕಮೋಡೋರ್ ಸಂಸ್ಥೆಯದೇ ಇನ್ನೊಂದು ಯಂತ್ರವಾದ ಅಮಿಗಾ 500ರ ಕಿರುರೂಪವೂ ಅದೇ ಸಂಸ್ಥೆಯಿಂದ ಬಂದವು. ನಮ್ಮ ದೇಶದಲ್ಲಿ ಆ ಕಾಲದ ಶಾಲಾಬಾಲಕರಿಗೆ, 1984ರ ‘ಕ್ಲಾಸ್’ ಯೋಜನೆಯ ದೆಸೆಯಿಂದ, ದರ್ಶನವಿತ್ತುದು ಬಿಬಿಸಿ ಮೈಕ್ರೋ ಎಂಬ ಬೇರೊಂದು ಯಂತ್ರವಾದುದರಿಂದ, ಕಮೋಡೋರಿನ ಕಡೆಗೆ ನಮ್ಮವರಲ್ಲಿ ಬಾಲ್ಯದ ಮಮತೆ ಕಡಿಮೆ. ಆದರೆ ಅದರ ಪ್ರತಿರೂಪವನ್ನು ತಂದಿಟ್ಟುಕೊಂಡವರು ಅನುಭವಿಸುವ ಒಂದು ಸಣ್ಣ ಸಂಕಟವು ಪೆನ್‌ಡ್ರೈವ್ ಬಳಸುವ ಸರ್ವರಿಗೂ ಸಂಬಂಧಿಸಿದುದಾಗಿದೆ.

ಮಿನಿಯ ಮೈಮೇಲೆ ಕಾಣುವ ಕೀಲಿಮಣೆಯು ಕೇವಲ ಅಲಂಕಾರಕ್ಕಾಗಿ ಇರುವಂಥದು. ಒತ್ತಿದರೆ ಒಂದು ಕೀಲಿಯೂ ಅಲುಗುವುದಿಲ್ಲ. ಒಳಗೆ ಇರುವುದು ಆ ಕಾಲದ 6510 ಪ್ರೊಸೆಸರೂ ಅಲ್ಲ, ಲಿನಕ್ಸ್ ವ್ಯವಸ್ಥೆಯನ್ನು ನಡೆಯಿಸುವ ಒಂದು ಪುಟ್ಟ ಆಧುನಿಕ ಗಣಕ. ಅದರ ಮೇಲೆ ಹಳೆಯ ಯಂತ್ರದ ನಡೆನುಡಿಗಳನ್ನೆಲ್ಲ ಅಭಿನಯಿಸಿ ತೋರಿಸುವ ‘ವೈಸ್’ ಎಂಬ ತಂತ್ರಾಂಶ. ತಯಾರಕರೇ ತುಂಬಿಕೊಟ್ಟ 64 ಆಟಗಳಲ್ಲಿ ತೃಪ್ತಿಯಾಗದವರು ಹಳೆಯ ಫ್ಲಾಪಿಗಳ ಪ್ರತಿಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿ ಯಂತ್ರಕ್ಕೆ ಸಿಕ್ಕಿಸಬಹುದು. ಯಂತ್ರವು ಅದನ್ನು ಗುರುತಿಸಿದರೆ ಮುಖಪರದೆಯಲ್ಲಿ ಪೆನ್‌ಡ್ರೈವಿನ ಚಿಹ್ನೆಯೊಂದು ಮೂಡುತ್ತದೆ. ಗುರುತಿಸದಿದ್ದರೆ ಏನೂ ಆಗುವುದಿಲ್ಲ. ದೋಷಸೂಚನೆಯಿಲ್ಲ, ಎಚ್ಚರಿಕೆಯ ಸದ್ದಿಲ್ಲ, ಸಿಕ್ಕಿಸಿದ್ದೇ ಸುಳ್ಳೆಂಬಂತೆ ಪರದೆಯು ಇದ್ದಹಾಗೆಯೇ ಇರುತ್ತದೆ. ಅದೇ ಪೆನ್‌ಡ್ರೈವನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಕಡತಗಳೆಲ್ಲ ಸುವ್ಯವಸ್ಥಿತವಾಗಿ ಕಾಣಿಸಿಕೊಳ್ಳುತ್ತವೆ. ಇಂತಹ ಸಂದರ್ಭದಲ್ಲಿ ಯಂತ್ರವೇ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಹಿಂದಕ್ಕೆ ಕಳುಹಿಸುವವರೂ, ಪೆನ್‌ಡ್ರೈವ್ ಕಳಪೆಯೆಂದು ಇನ್ನೂ ದೊಡ್ಡದೊಂದನ್ನು ಕೊಂಡುತಂದು ಸಂಕಟವನ್ನು ಇಮ್ಮಡಿಸಿಕೊಳ್ಳುವವರೂ ಉಂಟು. ಬಹುತೇಕ ಪ್ರಸಂಗಗಳಲ್ಲಿ ಯಂತ್ರವೂ ನಿರ್ದೋಷಿ, ಪೆನ್‌ಡ್ರೈವೂ ನಿರ್ದೋಷಿ. ಒಂದರ ಮೇಲೊಂದಾಗಿ ಕುಳಿತ ನಾಲ್ಕಾರು ಒಪ್ಪಂದಗಳಲ್ಲಿ ಯಾವುದೋ ಒಂದು ಮುರಿದಿರುತ್ತದೆ, ಮತ್ತು ಯಾವುದು ಮುರಿದರೂ ಹೊರಗೆ ಕಾಣುವ ಲಕ್ಷಣ ಒಂದೇ, ಮೌನ.

ಆ ಒಪ್ಪಂದಗಳಲ್ಲೊಂದಾದ ಫಾರ್ಮ್ಯಾಟ್ ಎಂದರೇನೆಂಬುದನ್ನು ಮೊದಲು ತಿಳಿಯೋಣ. ಪೆನ್‌ಡ್ರೈವಿನೊಳಗಣ ಫ್ಲ್ಯಾಷ್ ಸ್ಮೃತಿಯು ತನ್ನಷ್ಟಕ್ಕೆ ತಾನು, ಸರ್ವೆಯಾಗದ ಬಯಲು ಭೂಮಿ. 512 ಬೈಟುಗಳ ಕೋಟ್ಯಂತರ ಸೆಕ್ಟರುಗಳು ಅಲ್ಲಿ ಸೊನ್ನೆಯಿಂದ ಮೊದಲ್ಗೊಂಡು ಕ್ರಮಸಂಖ್ಯೆಯಲ್ಲಿ ಹರಡಿರುತ್ತವೆಯೇ ಹೊರತು, ಯಾವ ಕಡತ ಎಲ್ಲಿಂದ ಎಲ್ಲಿಯವರೆಗೆ ಎಂಬ ಜ್ಞಾನ ಅದಕ್ಕಿಲ್ಲ. ಮೋಜಣಿದಾರನು ಬಂದು ಬಾಂದುಕಲ್ಲು ನೆಟ್ಟು, ಸರ್ವೆ ನಂಬರು ಕೊಟ್ಟು, ಯಾವ ನಂಬರು ಯಾರ ಹೆಸರಿನಲ್ಲಿದೆಯೆಂದು ಶ್ಯಾನುಭೋಗನ ಖಾತೆಯಲ್ಲಿ ಬರೆದಿಟ್ಟ ಮೇಲೆ ಹೇಗೆ ಬಯಲು ಹಿಡುವಳಿಯಾಗುವುದೋ, ಹಾಗೆ ಫಾರ್ಮ್ಯಾಟ್ ಕ್ರಿಯೆಯು ಸ್ಮೃತಿಯ ಮೊದಲ ಕೆಲವು ಸೆಕ್ಟರುಗಳಲ್ಲಿ ಗಡಿಗಳನ್ನೂ ಖಾತೆಯನ್ನೂ ಬರೆದಿಡುತ್ತದೆ. ‘ಕ್ವಿಕ್ ಫಾರ್ಮ್ಯಾಟ್’ ಎಂಬುದು ಕ್ಷಣಾರ್ಧದಲ್ಲಿ ಮುಗಿಯುವುದೂ ಇದರಿಂದಲೇ: ಅದು ನೆಲವನ್ನು ಉಳುವುದಿಲ್ಲ, ಖಾತೆಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಆದರೆ ಆ ಖಾತೆಯನ್ನು ಬರೆಯುವ ಪದ್ಧತಿಗಳು ಹಲವಾರು. ಒಂದನ್ನು ಬಲ್ಲ ಯಂತ್ರವು ಇನ್ನೊಂದನ್ನು ಬಲ್ಲುದೆಂಬ ಭರವಸೆಯಿಲ್ಲ.

ಮೂಲ ಕಮೋಡೋರ್ 64ಕ್ಕೆ ಈ ವಿಷಯದಲ್ಲಿ ಯಾರ ಹಂಗೂ ಇರಲಿಲ್ಲ. ಅದರ ಜೊತೆಗೆ ಮಾರುತ್ತಿದ್ದ 1541 ಎಂಬ ಫ್ಲಾಪಿ ಡ್ರೈವು, ತನ್ನದೇ ಆದ 6502 ಪ್ರೊಸೆಸರನ್ನೂ 2 ಕಿಲೋಬೈಟ್ ಸ್ಮೃತಿಯನ್ನೂ ಒಡಲಲ್ಲಿಟ್ಟುಕೊಂಡ ಸ್ವತಂತ್ರ ಗಣಕವೇ ಆಗಿತ್ತು. ‘ಈ ತಟ್ಟೆಯನ್ನು ಹೊಸದಾಗಿ ಸಿದ್ಧಪಡಿಸು’ ಎಂಬ ಆಜ್ಞೆಯನ್ನು ತಂತಿಯ ಮೂಲಕ ಕಳುಹಿಸಿದರಾಯಿತು, ಮಿಕ್ಕ ಕೆಲಸವೆಲ್ಲ ಡ್ರೈವಿನದು. ಓದುವ ತಲೆಯು ಮೊದಲನೆಯ ಪಥದಲ್ಲಿ ಇದೆಯೋ ಇಲ್ಲವೋ ಎಂದು ತಿಳಿಯುವ ಸಂವೇದಕ ಅದರಲ್ಲಿ ಇಲ್ಲದಿದ್ದುದರಿಂದ, ಅದು ತಲೆಯನ್ನು ತಡೆಗಟ್ಟೆಗೆ ತಗಲುವವರೆಗೂ ಹಿಂದಕ್ಕೆ ತಳ್ಳುತ್ತಿತ್ತು. ಪಟಪಟ ಪಟಪಟನೆ ಹೊರಡುತ್ತಿದ್ದ ಆ ಸದ್ದನ್ನು ಮೊದಲ ಸಲ ಕೇಳಿದವರಿಗೆ ಯಂತ್ರ ಒಡೆದೇಹೋಯಿತೆಂಬ ಭೀತಿ ಹುಟ್ಟುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಸಿದ್ಧವಾದ ತಟ್ಟೆಯಲ್ಲಿ 35 ಪಥಗಳು. ಹೊರಗಣ ಪಥವು ಉದ್ದವಾದುದು, ಒಳಗಣದು ಗಿಡ್ಡ. ಆದುದರಿಂದ ಹೊರಗಿನ 17 ಪಥಗಳಲ್ಲಿ ತಲಾ 21 ಸೆಕ್ಟರುಗಳನ್ನಿಟ್ಟು, ಒಳಕ್ಕೆ ಸರಿದಂತೆ 19, 18, 17 ಎಂದು ಇಳಿಸುತ್ತ ಬಂದಿದ್ದರು. ಒಟ್ಟು 683 ಸೆಕ್ಟರುಗಳು, ಒಂದೊಂದರಲ್ಲಿ 256 ಬೈಟುಗಳು. ಅವುಗಳಲ್ಲಿ ಹದಿನೆಂಟನೆಯ ಪಥದ 19 ಸೆಕ್ಟರುಗಳು ಅನುಕ್ರಮಣಿಕೆಗೆ ಮೀಸಲು. ಪ್ರತಿ ಪಥಕ್ಕೂ ಒಂದೇ ಸಂಖ್ಯೆಯ ಸೆಕ್ಟರುಗಳನ್ನು ಇಟ್ಟುಕೊಂಡ ಐಬಿಎಂ ಮಾದರಿಯ ಗಣಕದ ಸಾಧಾರಣ ಫ್ಲಾಪಿ ಡ್ರೈವಿಗೆ ಈ ತಟ್ಟೆಯು ಓದಲಾಗದ ಕಗ್ಗಂಟು.

ಈ ಸ್ವಾತಂತ್ರ್ಯದ ಹಿನ್ನೆಲೆಯಲ್ಲಿ ನೋಡಿದಾಗ, ಇಂದಿನ ಪ್ರತಿರೂಪಗಳು ಪೆನ್‌ಡ್ರೈವಿನಲ್ಲಿ ಅಪೇಕ್ಷಿಸುವ ಏಕೈಕ ಪದ್ಧತಿಯಾದ ಫ್ಯಾಟ್-32ರ ವಂಶವೃಕ್ಷವು ವಿನೋದಕರವಾಗಿ ತೋರುತ್ತದೆ. ಫ್ಯಾಟ್ ಪದ್ಧತಿಯ ಮೂಲರೂಪವನ್ನು ಮೈಕ್ರೋಸಾಫ್ಟಿನ ಮಾರ್ಕ್ ಮೆಕ್‌ಡೊನಾಲ್ಡ್ ಎಂಬವರು 1977ರಲ್ಲಿ, ಫ್ಲಾಪಿಯ ಮೇಲೆ ನಡೆಯುವ ಒಂದು ಬೇಸಿಕ್ ಭಾಷಾವ್ಯವಸ್ಥೆಗಾಗಿ ರಚಿಸಿದರು. ಎಂದರೆ ಕಮೋಡೋರ್ 64 ಹುಟ್ಟುವುದಕ್ಕೆ ಐದು ವರ್ಷ ಮೊದಲೇ. ಕಮೋಡೋರ್ 64ರ ಬೇಸಿಕ್ ಕೂಡ ಅದೇ ಮೈಕ್ರೋಸಾಫ್ಟಿನಿಂದ ಪರವಾನಗಿ ಪಡೆದು ತಂದ ಬೇಸಿಕ್ಕಿನ ಸಂತತಿ. ಹೀಗೆ ಭಾಷೆಯನ್ನು ಅಲ್ಲಿಂದ ತಂದುಕೊಂಡು, ಖಾತೆಯ ಪದ್ಧತಿಯನ್ನು ಮಾತ್ರ ತಾನೇ ರೂಪಿಸಿಕೊಂಡ ಯಂತ್ರದ ಅನುಕರಣೆಯು, ಮೂವತ್ತಾರು ವರ್ಷಗಳ ತರುವಾಯ, ಮೂಲವು ಎಂದೂ ಮಾತನಾಡದ ಫ್ಯಾಟನ್ನೇ ಹೊರತು ಬೇರೇನನ್ನೂ ಓದೆನೆಂದು ಹಟ ಹಿಡಿದು ಕುಳಿತಿದೆ. ಹಟಕ್ಕೆ ಕಾರಣವಿಲ್ಲದಿಲ್ಲ: ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಒಂದೇ ಸಮನೆ ಓದಿ ಬರೆಯಬಲ್ಲ ಪದ್ಧತಿಗಳಲ್ಲಿ ಫ್ಯಾಟ್-32ರಷ್ಟು ಸರಳವೂ ಸರ್ವಪರಿಚಿತವೂ ಆದುದು ಬೇರೆ ಇರಲಿಲ್ಲ, ಎಕ್ಸ್‌ಫ್ಯಾಟ್ ಎಂಬ ಅದರ ತಮ್ಮನು 2006ರಲ್ಲಿಯೇ ಹುಟ್ಟಿದ್ದರೂ, ಅದರ ನಿಯಮಾವಳಿಯನ್ನು ಮೈಕ್ರೋಸಾಫ್ಟ್ ಸಾರ್ವಜನಿಕವಾಗಿ ಪ್ರಕಟಿಸಿ ಲಿನಕ್ಸಿನ ತಿರುಳಿಗೆ ದಾರಿಮಾಡಿಕೊಟ್ಟುದು 2019ರಲ್ಲಿ, ಮಿನಿಯು ಮಾರುಕಟ್ಟೆಗೆ ಬಂದ ಮರುವರ್ಷ.

ಫ್ಯಾಟ್-32 ಪ್ರಕಟವಾದುದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಡನೆ. ಅದರ ಕ್ರಮವು ಇಷ್ಟೆ: ಸ್ಮೃತಿಯನ್ನೆಲ್ಲ ಸಮಾನ ಗಾತ್ರದ ‘ಕ್ಲಸ್ಟರ್’ಗಳಾಗಿ ವಿಂಗಡಿಸುವುದು, ಪ್ರತಿಯೊಂದು ಕ್ಲಸ್ಟರಿಗೂ ಕೋಷ್ಟಕದಲ್ಲಿ ಒಂದು ಮನೆಯನ್ನಿಟ್ಟು, ಆ ಮನೆಯಲ್ಲಿ ಕಡತದ ಮುಂದಿನ ತುಂಡು ಯಾವ ಕ್ಲಸ್ಟರಿನಲ್ಲಿದೆಯೆಂಬ ಸಂಖ್ಯೆಯನ್ನು ಬರೆಯುವುದು, ಕಡೆಯ ತುಂಡಿನ ಮನೆಯಲ್ಲಿ ‘ಇಲ್ಲಿಗೆ ಸಮಾಪ್ತಿ’ ಎಂಬ ಗುರುತನ್ನಿಡುವುದು. ಒಂದು ಕಡತವು 4 ಜಿಬಿಗಿಂತ ದೊಡ್ಡದಾಗಿರಕೂಡದೆಂಬ ನಿರ್ಬಂಧ ಇದಕ್ಕುಂಟಾದರೂ, ಕಮೋಡೋರಿನ ಒಂದು ತಟ್ಟೆಯ ಪೂರ್ಣ ಪ್ರತಿಯೇ 174,848 ಬೈಟುಗಳಾದ್ದರಿಂದ ನಮ್ಮ ಪ್ರಕರಣದಲ್ಲಿ ಆ ಚಿಂತೆ ಅನಗತ್ಯ. ಅಂತಹ ಪ್ರತಿಯೊಂದು 16 ಕಿಲೋಬೈಟಿನ ಕ್ಲಸ್ಟರುಗಳಲ್ಲಿ ಹನ್ನೊಂದನ್ನು ಆಕ್ರಮಿಸುತ್ತದೆ. ಈ ಲೆಕ್ಕದಂತೆ 32 ಜಿಬಿಯ ಪೆನ್‌ಡ್ರೈವಿನಲ್ಲಿ ಒಂದೂ ಮುಕ್ಕಾಲು ಲಕ್ಷ ತಟ್ಟೆಗಳು ಹಿಡಿಯುತ್ತವೆ. ಅಷ್ಟು ಆಟಗಳನ್ನು ಆಡಿ ಮುಗಿಸುವ ಆಯುಸ್ಸು ಯಾರಿಗಿದೆಯೋ ಕಾಣೆ. ಆದರೂ ಜನರು 128 ಜಿಬಿಯದನ್ನೇ ಕೊಳ್ಳುತ್ತಾರೆ, ಮತ್ತು ತೊಡಕು ಪ್ರಾರಂಭವಾಗುವುದು ಅಲ್ಲಿಯೇ.

ಏಕೆಂದರೆ, 64 ಜಿಬಿಯನ್ನೂ ಅದಕ್ಕೆ ಮಿಗಿಲಾದುದನ್ನೂ ಕಾರ್ಖಾನೆಯವರು ಸಾಮಾನ್ಯವಾಗಿ ಎಕ್ಸ್‌ಫ್ಯಾಟಿನಲ್ಲಿ ಸಿದ್ಧಪಡಿಸಿಯೇ ಮಾರುತ್ತಾರೆ. ಅದನ್ನು ವಿಂಡೋಸಿನಲ್ಲಿ ಫ್ಯಾಟ್-32ಕ್ಕೆ ಬದಲಿಸಹೊರಟರೆ, ಫಾರ್ಮ್ಯಾಟ್ ಕಿಟಕಿಯ ಪಟ್ಟಿಯಲ್ಲಿ ಎನ್‌ಟಿಎಫ್‌ಎಸ್ ಮತ್ತು ಎಕ್ಸ್‌ಫ್ಯಾಟ್ ಎಂಬ ಎರಡೇ ಹೆಸರುಗಳಿದ್ದು, ಬೇಕಾದ ಮೂರನೆಯದು ಇರುವುದೇ ಇಲ್ಲ. ಫ್ಯಾಟ್-32ರ ಸಾಮರ್ಥ್ಯ ಅಲ್ಲಿಗೆ ಮುಗಿಯಿತೆಂದು ಇದರಿಂದ ಊಹಿಸುವವರು ಮೋಸಹೋಗುತ್ತಾರೆ. 512 ಬೈಟಿನ ಸೆಕ್ಟರುಗಳಲ್ಲಿ ಅದು 2 ಟೆರಾಬೈಟಿನವರೆಗೂ ಅನಾಯಾಸವಾಗಿ ಹಬ್ಬಬಲ್ಲುದು. 32 ಜಿಬಿ ಎಂಬ ಗಡಿಯು ವಿಂಡೋಸಿನ ಕಿಟಕಿಗೆ ಸೇರಿದುದು, ಪದ್ಧತಿಗೆ ಸೇರಿದುದಲ್ಲ. ಆ ಕಿಟಕಿಯನ್ನು 1990ರ ದಶಕದ ನಡುವಿನಲ್ಲಿ ತಾತ್ಕಾಲಿಕವೆಂದುಕೊಂಡೇ ರಚಿಸಿದವರು ತಾವೆಂದೂ, ಗಡಿಯನ್ನು ಎಲ್ಲಿಡಬೇಕೆಂಬ ನಿರ್ಧಾರವೂ ತಮ್ಮದೇ ಎಂದೂ ಮೈಕ್ರೋಸಾಫ್ಟಿನ ನಿವೃತ್ತ ಇಂಜಿನಿಯರ್ ಡೇವ್ ಪ್ಲಮ್ಮರ್ ಬಹಿರಂಗವಾಗಿಯೇ ಹೇಳಿದ್ದಾರೆ. ತಾತ್ಕಾಲಿಕವಾದುದಕ್ಕೆ ಇರುವಷ್ಟು ದೀರ್ಘಾಯುಸ್ಸು ಶಾಶ್ವತವೆಂದು ಕಟ್ಟಿದವಕ್ಕೆ ಇರುವುದಿಲ್ಲ! 2024ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ತನ್ನ ಪರೀಕ್ಷಾರ್ಥ ಆವೃತ್ತಿಯೊಂದರಲ್ಲಿ ಈ ಮಿತಿಯನ್ನು 2 ಟೆರಾಬೈಟಿಗೆ ಏರಿಸಿತಾದರೂ, ಅದು ಆಜ್ಞೆಯನ್ನು ಟೈಪು ಮಾಡುವವರಿಗೆ ದೊರೆತ ಅನುಕೂಲವಾಗಿತ್ತೇ ಹೊರತು ಕಿಟಕಿಯಲ್ಲಿ ಒತ್ತುವವರಿಗಲ್ಲ.

ಪೆನ್‌ಡ್ರೈವು ಯಾವ ಪದ್ಧತಿಯಲ್ಲಿದೆಯೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ; ಬೈಟುಗಳನ್ನು ಇದ್ದಂತೆ ತೋರಿಸುವ ತಂತ್ರಾಂಶವೊಂದರಲ್ಲಿ ಅದರ ಸೊನ್ನೆಯ ಸೆಕ್ಟರನ್ನು ತೆರೆದರೆ ಕಣ್ಣಿಗೇ ಕಾಣುತ್ತದೆ. ಆ 512 ಬೈಟುಗಳ ಕಟ್ಟಕಡೆಯಲ್ಲಿ, ಹದಿನಾರರ ಎಣಿಕೆಯಲ್ಲಿ 55, ಎಎ ಎಂಬ ಎರಡು ಬೈಟುಗಳು ಇರಲೇಬೇಕು. ಅವು ಇಲ್ಲವಾದರೆ ಅಲ್ಲಿ ಏನೂ ಬರೆದಿಲ್ಲವೆಂದೇ ಯಂತ್ರಗಳು ತಿಳಿಯುತ್ತವೆ. ಎಂಬಿಆರ್ ಎಂದು ಕರೆಯುವ, 1983ರ ಪಿಸಿ-ಡಾಸ್‌ನ ಎರಡನೆಯ ಆವೃತ್ತಿಯ ಕಾಲದಿಂದ ನಡೆದುಬಂದ ಕ್ರಮದಲ್ಲಿ, ಮೊದಲ 446 ಬೈಟುಗಳು ಕಳೆದ ಮೇಲೆ ತಲಾ 16 ಬೈಟುಗಳ ನಾಲ್ಕು ಸಾಲುಗಳು, ಒಂದೊಂದು ಸಾಲೂ ಒಂದೊಂದು ಪಾರ್ಟಿಷನ್ನಿನ ವಿವರ. ಮೊದಲ ಸಾಲಿನ ಐದನೆಯ ಬೈಟು 0ಬಿ ಅಥವಾ 0ಸಿ ಆಗಿದ್ದರೆ ಫ್ಯಾಟ್-32. 07 ಆಗಿದ್ದರೆ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್. ಇಇ ಆಗಿದ್ದರೆ ಜಿಪಿಟಿ ಎಂಬ ಹೊಸ ಕ್ರಮದಲ್ಲಿ ಗಡಿಗಳನ್ನು ಬೇರೆಲ್ಲೋ ಬರೆದಿದೆಯೆಂದು ಅರ್ಥ. ಪಾರ್ಟಿಷನ್ನಿನ ಮೊದಲ ಸೆಕ್ಟರಿಗೆ ಹೋದರೆ ಸಂದೇಹವೆಲ್ಲ ಪರಿಹಾರ: ಅಲ್ಲಿ ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಎಂಬ ಹೆಸರುಗಳು ನಾಲ್ಕನೆಯ ಬೈಟಿನಿಂದಲೇ ಅಕ್ಷರಶಃ ಬರೆದಿರುತ್ತವೆ, ಫ್ಯಾಟ್-32 ಆದರೆ ತನ್ನ ಹೆಸರನ್ನು ವಿನಯದಿಂದ ಮೊದಲ 82 ಬೈಟುಗಳು ಕಳೆದ ಮೇಲೆ ಹೇಳಿಕೊಳ್ಳುತ್ತದೆ. ಹೊಸ ಮಾದರಿಯ ಲ್ಯಾಪ್‌ಟಾಪಿಗೆ ಈ ಎಲ್ಲ ಶೈಲಿಗಳೂ ಪರಿಚಿತವಾದುದರಿಂದ ಅದು ಭೇದವೆಣಿಸದೆ ಎಲ್ಲವನ್ನೂ ತೆರೆದು ತೋರಿಸುತ್ತದೆ. ಪುಟ್ಟ ಪ್ರತಿರೂಪದಲ್ಲಿ ಆ ವಿಶಾಲ ಪಾಂಡಿತ್ಯವಿಲ್ಲ. ‘ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇದೆ’ ಎಂಬ ಸಾಕ್ಷ್ಯವು ಈ ವ್ಯಾಜ್ಯದಲ್ಲಿ ನಿಲ್ಲದಿರುವುದು ಈ ಕಾರಣದಿಂದ.

ಚಿಕಿತ್ಸೆಯಲ್ಲಿ ಅತಿ ಸುಲಭವಾದುದು, ಮನೆಯ ಮೂಲೆಯಲ್ಲಿ ಬಿದ್ದಿರುವ 8 ಅಥವಾ 16 ಜಿಬಿಯ ಹಳೆಯ ಪೆನ್‌ಡ್ರೈವನ್ನು ಹುಡುಕಿ, ಅದರಲ್ಲಿದ್ದುದನ್ನು ಬೇರೆಡೆಗೆ ನಕಲಿಸಿಟ್ಟು, ಫ್ಯಾಟ್-32 ಎಂದು ಆರಿಸಿ ಫಾರ್ಮ್ಯಾಟ್ ಮಾಡುವುದು. ಆದರೆ ಯಾವಾಗಲೋ ಲಿನಕ್ಸಿನ ಅಥವಾ ವಿಂಡೋಸಿನ ಅನುಸ್ಥಾಪನೆಗಾಗಿ ಬಳಸಿದ ಪೆನ್‌ಡ್ರೈವಾದರೆ ಅದರಲ್ಲಿ ಎರಡು ಮೂರು ಪಾರ್ಟಿಷನ್ನುಗಳು ಉಳಿದುಕೊಂಡಿದ್ದು, ಫಾರ್ಮ್ಯಾಟ್ ಕಿಟಕಿಯು ಅವುಗಳಲ್ಲಿ ಒಂದನ್ನು ಮಾತ್ರ ತೊಳೆಯುತ್ತದೆ. 16 ಜಿಬಿಯದು ಕೆಲವೇ ಎಂಬಿಯದೆಂದು ತೋರಿಕೊಂಡರೆ ಇದೇ ಕಾರಣವೆಂದು ತಿಳಿಯತಕ್ಕದ್ದು. ಆಗ ವಿಂಡೋಸಿನ ಡಿಸ್ಕ್‌ಪಾರ್ಟ್ ಎಂಬ ಆಜ್ಞಾವ್ಯವಸ್ಥೆಯನ್ನು ತೆರೆದು, ‘ಲಿಸ್ಟ್ ಡಿಸ್ಕ್’ ಎಂದು ಪಟ್ಟಿ ತರಿಸಿ, ಪೆನ್‌ಡ್ರೈವಿನ ಸಂಖ್ಯೆಯನ್ನು ‘ಸೆಲೆಕ್ಟ್’ ಮಾಡಿ, ‘ಕ್ಲೀನ್’ ಎಂದು ಅಪ್ಪಣೆಯಿತ್ತು ಗಡಿಗಳನ್ನೆಲ್ಲ ಅಳಿಸಬೇಕಾಗುತ್ತದೆ. ಇಲ್ಲಿ ಮಾತ್ರ ಕೈಯನ್ನು ತಡೆದು ನೋಡುವುದು ಅವಶ್ಯ. ಪಟ್ಟಿಯಲ್ಲಿ ಹೆಸರುಗಳಿರುವುದಿಲ್ಲ, ಸಂಖ್ಯೆ, ಗಾತ್ರ ಮೊದಲಾದವು ಮಾತ್ರ ಇರುತ್ತವೆ. ಎರಡು ಪೆನ್‌ಡ್ರೈವುಗಳೋ ಹೊರಗಿನ ಹಾರ್ಡ್‌ಡಿಸ್ಕೊಂದೋ ಅದೇ ಹೊತ್ತಿನಲ್ಲಿ ಸಿಕ್ಕಿಸಿದ್ದು ಒಂದು ಅಂಕೆ ತಪ್ಪಿದರೆ, ಮಕ್ಕಳ ನಾಮಕರಣದ ಚಿತ್ರಗಳೆಲ್ಲ ಮರುಪ್ರಶ್ನೆಯಿಲ್ಲದೆ ಹೋದಹಾಗೆಯೇ. ಬೇರೆಲ್ಲವನ್ನೂ ಕಿತ್ತು, ಪೆನ್‌ಡ್ರೈವನ್ನು ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಪಟ್ಟಿಯನ್ನು ತರಿಸಿ, ಹೊಸದಾಗಿ ಬಂದ ಸಾಲನ್ನೇ ಆರಿಸುವುದು ವಿವೇಕ. ದೊಡ್ಡ ಪೆನ್‌ಡ್ರೈವೇ ಗತಿಯೆಂಬವರು ಇಲ್ಲಿಯೇ 30,000 ಎಂಬಿಯ ಪ್ರೈಮರಿ ಪಾರ್ಟಿಷನ್ನೊಂದನ್ನು ಮಾಡಿ ಅದನ್ನು ಫ್ಯಾಟ್-32 ಮಾಡಿಕೊಂಡರೆ ವಿಂಡೋಸು ತಕರಾರೆತ್ತುವುದಿಲ್ಲ. ಉಳಿದ ಜಾಗ ಪಾಳುಬಿದ್ದರೆ ಬೀಳಲಿ. ಪೂರ್ತಿಯನ್ನೂ ಬಳಸಲೇಬೇಕೆಂಬ ಹಂಬಲವಿದ್ದರೆ ರುಫಸ್‌ನಂತಹ ಉಚಿತ ತಂತ್ರಾಂಶಗಳಿವೆ.

ಮ್ಯಾಕ್ ಉಳ್ಳವರಿಗೆ ಬೇರೊಂದು ಬಗೆಯ ಮುಳ್ಳು. ಅಲ್ಲಿಯ ಡಿಸ್ಕ್ ಯುಟಿಲಿಟಿಯು ತಾನಾಗಿ ಪೆನ್‌ಡ್ರೈವಿನೊಳಗಣ ವಾಲ್ಯೂಮನ್ನು ಮಾತ್ರ ತೋರಿಸುತ್ತದೆ. ‘ಶೋ ಆಲ್ ಡಿವೈಸಸ್’ ಎಂಬುದನ್ನು ಒತ್ತಿ ಇಡೀ ಸಾಧನವನ್ನು ಆರಿಸಿದ ಮೇಲೆಯೇ ‘ಸ್ಕೀಮ್’ ಎಂಬ ಪಟ್ಟಿ ಕಾಣಿಸಿಕೊಂಡು, ಅಲ್ಲಿ ಮಾಸ್ಟರ್ ಬೂಟ್ ರೆಕಾರ್ಡ್ ಎಂಬುದನ್ನೂ, ಮೇಲಿನ ಪಟ್ಟಿಯಲ್ಲಿ ಎಂಎಸ್-ಡಾಸ್ ಫ್ಯಾಟ್ ಎಂಬುದನ್ನೂ ಆರಿಸಲು ಸಾಧ್ಯವಾಗುತ್ತದೆ. ಇದಾದ ಮೇಲೂ ಮ್ಯಾಕು ಹಲವು ಕಡತಗಳ ಜೊತೆಗೆ, ಚುಕ್ಕೆ ಮತ್ತು ಅಡಿಗೆರೆಯಿಂದ ಆರಂಭವಾಗುವ ಹೆಸರಿನ ಒಂದೊಂದು ನೆರಳು ಕಡತವನ್ನು ಗುಟ್ಟಾಗಿ ಬರೆದಿಡುತ್ತದೆ. ಆಟದ ಪಟ್ಟಿಯಲ್ಲಿ ಒಂದೇ ಹೆಸರು ಎರಡೆರಡು ಸಲ ಬಂದು, ಅವುಗಳಲ್ಲೊಂದು ತೆರೆಯದೆಹೋದರೆ, ಇದೇ ಅದರ ರಹಸ್ಯ.

ಚಿಹ್ನೆ ಮೂಡಿದ ಮೇಲೆ ಪ್ರಶ್ನೆ ಒಳಗಿನ ಪದರಗಳಿಗೆ ಇಳಿಯುತ್ತದೆ. ಮೊದಮೊದಲು ಮಿನಿಯು, ಪೆನ್‌ಡ್ರೈವಿನ ಹೊರ ಅಂಕಣದಲ್ಲಿ ನಿಶ್ಚಿತವಾದ ಒಂದೇ ಹೆಸರುಳ್ಳ ತಟ್ಟೆಯ ಪ್ರತಿಯಿದ್ದರೆ ಮಾತ್ರ ಅದನ್ನು ಸ್ವೀಕರಿಸುತ್ತಿತ್ತು; ಆಟ ಬದಲಿಸಬೇಕಾದರೆ ಲ್ಯಾಪ್‌ಟಾಪಿಗೆ ಹಿಂದಿರುಗಿ ಹೆಸರು ಬದಲಿಸಬೇಕಿತ್ತು. ಜನರ ಬೇಸರಕ್ಕೆ ಕಿವಿಗೊಟ್ಟ ತಯಾರಕರು ಮುಂದಿನ ಫರ್ಮ್‌ವೇರುಗಳಲ್ಲಿ ಕಡತಗಳ ಪಟ್ಟಿಯನ್ನೇ ಒದಗಿಸಿದರು. ಆದುದರಿಂದ ಸರಿಯಾದ ಫ್ಯಾಟ್-32 ಇದ್ದೂ ಚಿಹ್ನೆ ಮೂಡದಿದ್ದರೆ ಯಂತ್ರದ ಫರ್ಮ್‌ವೇರ್ ಹಳೆಯದಿರಬಹುದು. ಅದನ್ನು ಹೊಸದು ಮಾಡುವ ಮಾರ್ಗವೂ ಫ್ಯಾಟ್-32 ಪೆನ್‌ಡ್ರೈವಿನ ಮೂಲಕವೇ. ಪಟ್ಟಿ ಬಂದು ಆಟ ಮಾತ್ರ ಏಳದಿದ್ದರೆ, ಡಿ64 ಎಂಬ ವಿಸ್ತರಣೆಯುಳ್ಳ ಆ ಕಡತದ ಗಾತ್ರವನ್ನು ನೋಡಬೇಕು. 35 ಪಥಗಳ ತಟ್ಟೆಯ ಪ್ರತಿಯು, ಹಿಂದೆ ಹೇಳಿದ 683 ಸೆಕ್ಟರುಗಳನ್ನು 256ರಿಂದ ಗುಣಿಸಿದಾಗ ಬರುವ 174,848 ಬೈಟುಗಳಷ್ಟೇ ಇರುತ್ತದೆ. ಸೆಕ್ಟರಿಗೊಂದರಂತೆ ದೋಷಸೂಚಕ ಬೈಟುಗಳನ್ನೂ ಸೇರಿಸಿದ್ದರೆ 175,531. ಇವೆರಡಕ್ಕಿಂತ ಕಡಿಮೆಯಿರುವುದು ಅರ್ಧದಲ್ಲಿ ಹರಿದ ಪ್ರತಿಯೇ ಸರಿ. ಸ್ವಾರಸ್ಯವೆಂದರೆ, ಈ ಕಡತದೊಳಗೆ 1541ರ ಖಾತೆಯು, ಹದಿನೆಂಟನೆಯ ಪಥದ ಅನುಕ್ರಮಣಿಕೆಯ ಸಮೇತ, ಇದ್ದುದಿದ್ದಂತೆ ನಿಂತಿರುತ್ತದೆ. ಫ್ಯಾಟ್-32ಕ್ಕೆ ಅದರ ಅರಿವಿಲ್ಲ, ಅದಕ್ಕೆ ಅದು ಹನ್ನೊಂದು ಕ್ಲಸ್ಟರುಗಳ ಒಂದು ಗಂಟು. ಒಳಗಣ ವೈಸಿಗೆ ಫ್ಯಾಟಿನ ಗೊಡವೆಯಿಲ್ಲ, ಅದು ಕಾಣುವುದು 1982ರ ತಟ್ಟೆಯನ್ನೇ.

ಇಷ್ಟೆಲ್ಲ ಸರಿಯಾಗಿದ್ದೂ ಕೆಲವು ಆಟಗಳು ತೆರೆದು ಕೆಲವು ಕೆಟ್ಟುಹೋಗಿರುವಂತೆ ಕಂಡರೆ, ಪೆನ್‌ಡ್ರೈವಿನ ಪ್ರಾಮಾಣಿಕತೆಯನ್ನೇ ಶಂಕಿಸಬೇಕಾಗುತ್ತದೆ. ಅಗ್ಗದ ಬೆಲೆಗೆ 1 ಟೆರಾಬೈಟೆಂದು ಮಾರುವ ಕೆಲವು ಪೆನ್‌ಡ್ರೈವುಗಳ ಒಡಲಲ್ಲಿ ಅದರ ಹತ್ತರಲ್ಲೊಂದು ಪಾಲು ಸ್ಮೃತಿಯೂ ಇರುವುದಿಲ್ಲ. ಇಲ್ಲದ ಸೆಕ್ಟರುಗಳನ್ನು ಇವೆಯೆಂದು ಒಳಗಣ ನಿಯಂತ್ರಕವು ಸುಳ್ಳು ಹೇಳಿ, ಬರೆದುದನ್ನು ಹಳೆಯದರ ಮೇಲೆಯೇ ಬರೆಯುತ್ತಲೋ ಗಾಳಿಗೆ ತೂರುತ್ತಲೋ ಹೋಗುತ್ತದೆ. ಫಾರ್ಮ್ಯಾಟು ಇದನ್ನು ಕಂಡುಹಿಡಿಯದು, ಏಕೆಂದರೆ ಖಾತೆಯಿರುವುದು ಆದಿಯಲ್ಲಿ, ಮೋಸವಿರುವುದು ಅಂತ್ಯದಲ್ಲಿ. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಎಂಬ ತಂತ್ರಾಂಶಗಳು ಪೆನ್‌ಡ್ರೈವನ್ನು ಕಂಠಪೂರ್ತಿ ತುಂಬಿ, ತುಂಬಿದ್ದನ್ನು ಮರಳಿ ಓದಿ ತಾಳೆನೋಡುತ್ತವೆ. ಗಂಟೆಗಟ್ಟಲೆ ಹಿಡಿಯುವ ಕೆಲಸವಾದರೂ ಅದರ ತೀರ್ಪಿಗೆ ಮೇಲ್ಮನವಿಯಿಲ್ಲ.

ಕಡೆಯದಾಗಿ, ಸರಿಪಡಿಸಿದ ಪೆನ್‌ಡ್ರೈವು ಮರುವಾರ ಮತ್ತೆ ಕೆಡುವುದೇಕೆಂಬ ಪ್ರಶ್ನೆ. ಎನ್‌ಟಿಎಫ್‌ಎಸ್ ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಕೈಹಚ್ಚುತ್ತದೆ. ಫ್ಯಾಟ್-32ಕ್ಕೆ ಅಂತಹ ಅಭ್ಯಾಸವಿಲ್ಲ. ಕೋಷ್ಟಕದ ಎರಡು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆಂಬುದೇನೋ ನಿಜ, ಆದರೆ ಬರೆಯುವ ನಡುವಿನಲ್ಲಿ ಕಿತ್ತರೆ ಎರಡೂ ಒಂದಕ್ಕೊಂದು ಹೊಂದದೆ, ಕಡತದ ಸರಪಳಿಯು ಎಲ್ಲೋ ಕಡಿದುಹೋಗಿರುತ್ತದೆ. ಆಟಗಾರನು ತನ್ನ ಅಂಕಗಳನ್ನು ಕಮೋಡೋರಿನ ತಟ್ಟೆಗೆ ಉಳಿಸಿದಾಗ, ಯಂತ್ರವು ಡಿ64 ಕಡತದ ಒಳಗೆ ಬರೆಯುತ್ತಿರುತ್ತದೆ. ಅದೇ ಕ್ಷಣದಲ್ಲಿ ಪೆನ್‌ಡ್ರೈವಿಗೆ ಕೈಹಾಕಿದರೆ ಒಂದು ಆಟವಲ್ಲ, ಆ ಕೋಶದ ಹಲವು ಆಟಗಳು ಒಟ್ಟಿಗೆ ಕಾಣೆಯಾಗಬಹುದು. ಲ್ಯಾಪ್‌ಟಾಪಿನಲ್ಲಾದರೆ ‘ಎಜೆಕ್ಟ್’ ಒತ್ತಿ, ಪ್ರತಿರೂಪದಲ್ಲಾದರೆ ಯಂತ್ರವನ್ನೇ ಕ್ರಮವಾಗಿ ಆಫ್ ಮಾಡಿ ಆಮೇಲೆ ಕೀಳುವುದು. ಕೆಟ್ಟಮೇಲೆ ವಿಂಡೋಸಿನಲ್ಲಿ ನೆರವಿಗಿರುವುದು ‘ಚೆಕ್‌ಡಿಸ್ಕ್’, ಅದು ಕಡಿದ ಸರಪಳಿಗಳನ್ನು ಹೆಕ್ಕಿ ಕ್ರಮಸಂಖ್ಯೆಯ ಹೆಸರುಗಳನ್ನಿಟ್ಟು ಒಂದು ಕಡೆ ರಾಶಿಹಾಕುತ್ತದೆ, ಅವುಗಳಲ್ಲಿ ಯಾವುದು ಯಾವ ಆಟವೆಂಬುದನ್ನು ಒಂದೊಂದಾಗಿ ತೆರೆದೇ ನೋಡಬೇಕು.